ಮಕ್ಕಳ ಸಾಲು

ಹುಸೇನಪ್ಪ ತಾತ ಮತ್ತೆ ಗೇಟಿನ ಹಿಡಿ ಎಳೆದ. ಸುಣ್ಣದ ಹರಳಿನ ಧಾರೆ ನಿಂತಿತು. ಎದುರಿನ ಸರಪಳಿಯಲ್ಲಿ ತೊಟ್ಟಿಲಿಲ್ಲದ ಖಾಲಿ ಜಾಗವೊಂದು ಮೆಲ್ಲಗೆ ಸರಿದುಹೋಯಿತು.

"ದುರುಗಪ್ಪನ ಮಗಳು ಸಾವಿತ್ರಿ," ಎಂದ ತಾತ.

ಅದರ ಹಿಂದೆ ಇನ್ನೊಂದು ಖಾಲಿ ಜಾಗ. "ಲಾಲಸಾಬನ ಮಗ ಮೆಹಬೂಬ." ಅದರ ಹಿಂದೆ ಮತ್ತೊಂದು. "ಯಂಕೋಬನ ಮಗ ತಿಮ್ಮಣ್ಣ."

ಆಮೇಲೆ ಯಾರ ಹೆಸರು ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ಸಲ ಕಾಯುತ್ತಿದ್ದೆ.

"ಮೌನೇಶನ ಮಗಳು ಹಂಪಮ್ಮ."

ಹೆತ್ತ ನಾನು ತಾತನ ಮೊಳಕೈ ಪಕ್ಕದಲ್ಲೇ ನಿಂತಿದ್ದೆ. ಈ ಗಣಿಯ ಪೂರಾ ಸರಪಳಿ ನೋಡಿಕೊಳ್ಳುವ ಎಂಜಿನಿಯರ್ ಬೇರೆ. ಆದರೂ ಅಮರಮ್ಮನ ಮಗಳು ಎನ್ನಲು ತಾತನಿಗೆ ನಾಲಿಗೆ ಹೊರಳದು, ಅಪ್ಪನ ಹೆಸರು ಹಿಡಿದೇ ಕರೆಯಬೇಕು. ಸಿಟ್ಟು ಬಂದರೆ ಅಳು ಹಿಂದೆ ಸರಿಯುತ್ತದೆ. ಹಾಗಾಗಿ ನಾನು ಪ್ರತಿ ಸಲ ಮರೆಯದೆ ಸಿಟ್ಟಾಗುತ್ತಿದ್ದೆ.

ನಾವು ನೆಲದ ಕೆಳಗಿನ ಜನ. ಮೇಲಿನ ಬಿಸಿಲು ತಡೆಯಲಾರದೆ ನಮ್ಮ ಮುತ್ತಾತಂದಿರು ಕೆಂಪುಗುಡ್ಡದ ಈ ಹಳೆಯ ಬಂಗಾರದ ಗಣಿಗೆ ಇಳಿದರು. ದೀಪದ ಬೆಳಕಿನಲ್ಲಿ ಜೋಳ ಬೆಳೆಯುತ್ತೇವೆ. ಬಂಡೆಯಲ್ಲಿ ಒಸರುವ ನೀರು ಬೇಕಾದಷ್ಟಿದೆ, ಅದನ್ನೇ ಒಡೆದು ಆಮ್ಲಜನಕ ಮಾಡಿಕೊಳ್ಳುತ್ತೇವೆ. ಬಿಟ್ಟ ಉಸಿರನ್ನು ಹೊರಗೆ ಕಳಿಸುವುದೇ ಕಷ್ಟ. ಅದಕ್ಕೆ ಸುಣ್ಣ ಬೇಕು. ಸುಟ್ಟ ಸುಣ್ಣದ ಹರಳಿನ ಮೇಲೆ ಗಾಳಿ ಹಾಯಿಸಿದರೆ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆ ಕಲ್ಲನ್ನು ಮೇಲೆ ಕಳಿಸಿದರೆ ಕನ್ನಡಿಗಳು ಬಿಸಿಲನ್ನು ಒಟ್ಟು ಮಾಡಿ ಕುಲುಮೆಯಲ್ಲಿ ಸುಡುತ್ತವೆ. ಕೆಟ್ಟ ಗಾಳಿ ಆಕಾಶಕ್ಕೆ ಹೋಗುತ್ತದೆ, ಹೊಸ ಸುಣ್ಣ ಕೆಳಗೆ ಬರುತ್ತದೆ. ನಮ್ಮನ್ನು ಊರು ಬಿಡಿಸಿದ ಬಿಸಿಲೇ ನಮ್ಮ ಉಸಿರು ತೊಳೆಯುತ್ತಿದೆ. ಅದರ ಋಣ ಇಟ್ಟುಕೊಳ್ಳಲು ನನಗಂತೂ ಮನಸ್ಸಿಲ್ಲ.

ಸುಣ್ಣವನ್ನು ಹೊತ್ತು ಏರಿಳಿಯುವುದು ಒಂದೇ ಒಂದು ಸರಪಳಿ. ಕೆಳಗಿನ ಗುಂಡಿಯಿಂದ ಮೇಲಿನ ಕುಲುಮೆಗೆ, ಕುಲುಮೆಯಿಂದ ಮತ್ತೆ ಗುಂಡಿಗೆ, ನಿಲ್ಲದೆ ತಿರುಗುತ್ತದೆ. ಅದಕ್ಕೆ ತೂಗುಬಿಟ್ಟ ಕಬ್ಬಿಣದ ಬಕೆಟ್ಟುಗಳನ್ನು ನಾವು ತೊಟ್ಟಿಲು ಎನ್ನುತ್ತೇವೆ. ಎರಡು ಗೂಟಗಳ ಮೇಲೆ ತೂಗಾಡುತ್ತ ಹೋಗುವುದರಿಂದ ಆ ಹೆಸರು. ಇದನ್ನು ಕಟ್ಟಿದವರ ಜಾಣತನವೆಲ್ಲ ತೊಟ್ಟಿಲಿನ ತುಟಿಯಲ್ಲಿದೆ. ಒಂದರ ತುಟಿ ಮುಂದಿನದರ ಅಂಚಿನ ಮೇಲೆ ಹತ್ತಿ ಕೂರುತ್ತದೆ, ಬುಟ್ಟಿಯಲ್ಲಿ ರೊಟ್ಟಿಗಳನ್ನು ಒಂದರ ಮೇಲೊಂದು ಅರ್ಧರ್ಧ ಹೊಂದಿಸಿಟ್ಟ ಹಾಗೆ. ನಡುವೆ ಬೆರಳು ತೂರುವಷ್ಟೂ ಸಂದಿಲ್ಲ. ಆದ್ದರಿಂದ ಸುಣ್ಣ ಬಿಡದೆ ಸುರಿಯುತ್ತಿದ್ದರೂ ಒಂದು ಹರಳು ಹೊರಗೆ ಬೀಳುವುದಿಲ್ಲ. ಸುರಿಯುವುದನ್ನು ನಿಲ್ಲಿಸುವ ಪ್ರಸಂಗವೇ ಬಾರದೆಂದು ಅವರು ಮೇಲಿನ ಕುಲುಮೆಯ ಬಾಯಿಗೆ ಗೇಟನ್ನೇ ಇಡಲಿಲ್ಲ. ಇಟ್ಟಿದ್ದರೂ ಆ ಕೆಂಡದಲ್ಲಿ ಅದು ಉಳಿಯುತ್ತಿರಲಿಲ್ಲ. ಗೇಟಿರುವುದು ಕೆಳಗೆ, ನಮ್ಮ ಕಡೆ ಮಾತ್ರ. ಮೇಲೆ ಮನುಷ್ಯರೇ ಇಲ್ಲ.

ಅವರ ಲೆಕ್ಕದಲ್ಲಿ ಇಲ್ಲದಿದ್ದದ್ದು ನಮ್ಮ ಪದ್ಧತಿ. ಇಲ್ಲಿ ಕೂಸು ಹುಟ್ಟಿದರೆ ಅದರ ಹೆಸರಿಗೊಂದು ತೊಟ್ಟಿಲು. ಓಡುವ ಸರಪಳಿಗೆ ತಾಯಿಯೇ ಅದನ್ನು ಸಿಕ್ಕಿಸಬೇಕು. ಆ ಜೀವ ಹೋದ ದಿನ ಮನೆಯವರು ಬಂದು ತೊಟ್ಟಿಲು ಬಿಚ್ಚಿಕೊಂಡು ಹೋಗುತ್ತಾರೆ, ವರ್ಷ ತುಂಬುವವರೆಗೆ ಮನೆಯಲ್ಲಿಟ್ಟು ಆಮೇಲೆ ಹಳೆಯ ಸುರಂಗದಲ್ಲಿ ಸತ್ತವರ ಪಕ್ಕ ಮಣ್ಣು ಮಾಡುತ್ತಾರೆ. ಇದು ಸುಮ್ಮನೆ ಬಂದದ್ದಲ್ಲ. ಮೊದಮೊದಲು ಇಲ್ಲಿ ಜನರನ್ನು ದುಡಿಸಿದ ಗುತ್ತಿಗೆದಾರರು ತಲೆಗಿಷ್ಟು ತೊಟ್ಟಿಲು ತುಂಬಬೇಕೆಂದು ಕಟ್ಟು ಮಾಡಿದ್ದರಂತೆ. ಒಬ್ಬ ಸತ್ತರೆ ಅವನ ಪಾಲನ್ನೂ ಉಳಿದವರ ಬೆನ್ನ ಮೇಲೆ ಹಾಕುತ್ತಿದ್ದರಂತೆ. ಜನ ರೊಚ್ಚಿಗೆದ್ದು ಸತ್ತವನ ತೊಟ್ಟಿಲನ್ನೇ ಬಿಚ್ಚಿ ಒಯ್ದರು. ಇವನ ದುಡಿಮೆ ಮುಗಿಯಿತು, ಇವನಿಗೆ ಬಿಡುಗಡೆ, ಎಂದರು. ಖಾಲಿ ಜಾಗ ಎದುರಿಗೆ ಬಂದಾಗ ಗೇಟು ಮುಚ್ಚಿ ಹೆಸರು ಕರೆಯುವುದು ಆಗಿನಿಂದ ಬಂತು. ಗುತ್ತಿಗೆದಾರರು ಹೋದರು, ಪದ್ಧತಿ ಉಳಿಯಿತು. ಹೊಸ ಕೂಸು ಹುಟ್ಟಿ ಹೊಸ ತೊಟ್ಟಿಲು ಬರುವವರೆಗೆ ಆ ಜಾಗ ಖಾಲಿ ಇರುತ್ತದೆ.

ಸಾವುಗಳು ಒಂದೊಂದಾಗಿ ಬರುತ್ತಿದ್ದಷ್ಟು ಕಾಲ ಇದರಿಂದ ಏನೂ ಕೆಡಲಿಲ್ಲ. ಆಮೇಲೆ ಒಂದು ದಿನ, ಮಕ್ಕಳು ಒಳಗಿದ್ದಾಗಲೇ, ಶಾಲೆಯ ಮಾಡು ಸಿಡಿಯಿತು. ಇಷ್ಟು ಆಳದಲ್ಲಿ ಬಂಡೆ ಒಮ್ಮೊಮ್ಮೆ ತನ್ನ ಭಾರ ತಾನೇ ತಾಳದೆ ಸಿಡಿಯುತ್ತದೆ. ಶಾಲೆಯಿದ್ದ ಲೆವೆಲ್ಲನ್ನು, ಅಂದರೆ ಗಣಿಯ ಆ ಅಂತಸ್ತನ್ನು, ತೆರೆದ ಕಾಲಕ್ಕೆ ಹುಟ್ಟಿದ ಮಕ್ಕಳ ತೊಟ್ಟಿಲುಗಳನ್ನೆಲ್ಲ ಸರಪಳಿಗೆ ಹೊಸದಾಗಿ ಸೇರಿಸಿದ ತುಂಡಿಗೇ ಹಾಕಿದ್ದೆವು. ಒಂದೇ ಓರಗೆಯ ಮಕ್ಕಳು, ಒಂದೇ ಶಾಲೆ. ಮಕ್ಕಳ ಸಾಲು ಎಂದು ಎಲ್ಲರೂ ಮುದ್ದಿನಿಂದ ಕರೆಯುತ್ತಿದ್ದ ಆ ತುಂಡು ಈಗ ಹಲ್ಲುದುರಿದ ವಸಡಿನ ಹಾಗೆ ಬೋಳಾಗಿತ್ತು. ಅದು ಪಾಳಿಗೆ ಎರಡು ಸಲ ಗೇಟಿನ ಮುಂದೆ ಬರುತ್ತಿತ್ತು, ತಾತ ಎರಡು ಸಲ ಎಲ್ಲ ಹೆಸರು ಕರೆಯುತ್ತಿದ್ದ. ಹೆತ್ತವರು ಕೆಲಸ ಬಿಟ್ಟು ಬಂದು ಕೇಳಿಸಿಕೊಂಡು ಹೋಗುತ್ತಿದ್ದರು.

ಆ ದಿನ ಹೆಸರುಗಳು ಮುಗಿದ ಮೇಲೆ ತಾತ ಗೇಟು ತೆರೆದು ನನ್ನ ಕಡೆ ತಿರುಗಿದ.

"ಮೋಟ್ರು ನರಳಾಕತ್ತೈತಿ ಯವ್ವಾ. ಕೇಳಿಲ್ಲಿ."

ನನಗೂ ಕೇಳಿಸುತ್ತಿತ್ತು. ಕಂಟ್ರೋಲ್ ರೂಮಿಗೆ ಹೋಗಿ ನೋಡಿದರೆ ಮೋಟಾರು ಎಳೆಯುತ್ತಿದ್ದ ಕರೆಂಟಿನ ಮುಳ್ಳು ಕೆಂಪು ಗೆರೆಯ ಹತ್ತಿರವಿತ್ತು. ಕೆಟ್ಟ ಗಾಳಿಯ ಮುಳ್ಳು ಅದಕ್ಕಿಂತ ಮೊದಲೇ ಏರಿ ಕುಳಿತಿತ್ತು. ಎರಡಕ್ಕೂ ಏನು ಸಂಬಂಧವೆಂದು ತಿಳಿಯಲು ನಾನು ಗುಂಡಿಗೆ ಇಳಿದೆ.

ಸರಪಳಿಯ ಕೆಳಗಿನ ಚಕ್ರ ತಿರುಗುವ ಜಾಗ ಅದು. ನೆಲ ನನ್ನ ಬೂಟಿನಡಿ ಬಿಸಿಯಾಗಿತ್ತು. ಎಲ್ಲೆಲ್ಲೂ ಬೆಳ್ಳಗೆ, ಗಾರೆ ಮಾಡಿದ ಹಾಗೆ ನುಣ್ಣಗೆ. ಕೆಲಸದವರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಉಳಿ ಸುತ್ತಿಗೆಯಿಂದ ಚಕ್ರದ ಸುತ್ತ ಕೆತ್ತುತ್ತಿದ್ದರು. ಕೆತ್ತಿದಷ್ಟೂ ಮೇಲಿನಿಂದ ಬಿಳಿ ಧೂಳು ಇಳಿಯುತ್ತಿತ್ತು. ಒಬ್ಬ ಕೆಮ್ಮಿ ಉಗುಳಿದ್ದರಲ್ಲಿ ರಕ್ತವಿತ್ತು.

ನಾನು ಒಂದು ಚೂರು ಕೈಗೆ ತೆಗೆದುಕೊಂಡೆ. ಬೆವರು ತಗುಲಿದಲ್ಲಿ ಚುರುಗುಟ್ಟಿತು. ಇದು ನಮ್ಮ ಕಡೆಯ ಗೇಟಿನಿಂದ ಚೆಲ್ಲಿದ ಕಲ್ಲಲ್ಲ. ಕಲ್ಲು ಹೀಗೆ ಸುಡುವುದಿಲ್ಲ. ಇದು ಮೇಲೆ ಆಗತಾನೆ ಸುಟ್ಟು ಬಂದ ಸುಣ್ಣ. ಕೆಳಗೆ ತಾತ ಪ್ರತಿ ಖಾಲಿ ಜಾಗಕ್ಕೂ ಗೇಟು ಮುಚ್ಚುತ್ತಾನೆ, ಭಕ್ತಿಯಿಂದ ಹೆಸರು ಹೇಳುತ್ತಾನೆ, ಒಂದು ಹರಳೂ ಚೆಲ್ಲುವುದಿಲ್ಲ. ನಾವೆಲ್ಲ ಅದನ್ನೇ ನೋಡಿ ಸಮಾಧಾನವಾಗಿದ್ದೆವು. ಅದೇ ಖಾಲಿ ಜಾಗ ಮೇಲೆ ಹೋದಾಗ ಅಲ್ಲಿ ಗೇಟು ಮುಚ್ಚುವವರಿಲ್ಲ, ಹೆಸರು ಹೇಳುವವರೂ ಇಲ್ಲ. ಮಕ್ಕಳ ಸಾಲು ಕುಲುಮೆಯ ಬಾಯಿಯ ಕೆಳಗೆ ಹಾಯುವಷ್ಟು ಹೊತ್ತೂ ಹೊಸ ಸುಣ್ಣ ಸೀದಾ ಸರಪಳಿ ಏರಿಳಿಯುವ ಶಾಫ್ಟಿನ ಬಾವಿಯೊಳಕ್ಕೆ ಸುರಿದು, ಗುಂಡಿಯ ಒಸರು ನೀರಿಗೆ ಬಿದ್ದು, ಕುದ್ದು, ಗಾರೆಯಾಗಿ, ಚಕ್ರವನ್ನು ಹಿಡಿಯುತ್ತಿತ್ತು. ಗಾಳಿ ತೊಳೆಯಬೇಕಾದ ಸುಣ್ಣ ಗಾಳಿಗೆ ಸಿಗುತ್ತಿರಲಿಲ್ಲ. ಚಕ್ರ ಒಮ್ಮೆ ನಿಂತರೆ ಮತ್ತೆ ತಿರುಗುವುದಿಲ್ಲ.

ನನ್ನ ಮಗಳು ಇದ್ದ ಜಾಗದಿಂದಲೂ ಅದು ಸುರಿಯುತ್ತಿತ್ತು. ಅಲ್ಲಿ ಕುಳಿತು ನಾನು ಅದನ್ನೊಂದನ್ನೇ ಯೋಚಿಸಿದೆ.

*

ಪಂಚಾಯ್ತಿಯ ಹಿರಿಯ ಶರಣಪ್ಪಗೌಡರು ನನ್ನ ಮಾತನ್ನು ಕಣ್ಣು ಮುಚ್ಚಿಕೊಂಡು ಕೇಳಿದರು. ಅವರ ಮೊಮ್ಮಗಳು ಚೆನ್ನಮ್ಮನೂ ಅದೇ ಶಾಲೆಯಲ್ಲಿದ್ದಳು.

"ಹೊಸಾ ತೊಟ್ಲ ಮಾಡ್ಸು," ಎಂದರು.

"ತಗಡಿಲ್ರೀ ಗೌಡ್ರ. ಇದ್ದಬದ್ದ ತಗಡೆಲ್ಲ ಶಾಲಿ ಮಾಡಿಗೆ ಆನಿಸಾಕ ಹೋತು. ಹಲಗಿದು ಮಾಡಿ ಕಳ್ಸಿದ್ವಿ, ಮಸಿ ಆಗಿ ಬಂತು. ಹಳೇ ಟೈರಿನ ರಬ್ಬರಿಂದು ಮಾಡಿದ್ವಿ, ಕರಗಿ ಹೋತು."

"ಬದುಕಿದ್ದವ್ರ ತೊಟ್ಲ ತಗ್ದು ಇಲ್ಲಿ ಹಾಕು."

"ಇಲ್ಲಿ ತೂತು ಅಲ್ಲಿ ಆಗ್ತದರಿ, ಅಷ್ಟೇ."

"ಹಳೇ ಸುರಂಗ ಒಡ್ಸು."

"ಅಲ್ಲಿರೋವು ತುಕ್ಕು ಹಿಡದು ಜರಡಿ ಆಗ್ಯಾವ. ಗಟ್ಟಿಮುಟ್ಟ ಇರೋವು ಈ ವರ್ಷದ್ದಷ್ಟ. ಮನಿಮನಿಯೊಳಗ ಅದಾವ. ಮಕ್ಕಳವು."

ಗೌಡರು ಕಣ್ಣು ತೆರೆದರು. ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ಸಿಟ್ಟಾಗಲಿಲ್ಲ. ಅದರಿಂದ ನನಗೆ ಇನ್ನೂ ಕಷ್ಟವಾಯಿತು.

"ಸತ್ತ ಮ್ಯಾಲೂ ದುಡಿಸ್ತೀಯೇನವ್ವಾ ಕೂಸುಗೋಳ್ನ?" ಎಂದರು. "ನಮ್ಮಪ್ಪ ಇದ್ದಾಗ ದುಡ್ದ. ಸತ್ತಾಗ ಬಿಡುಗಡಿ ಆತು ಅಂತ ನಮ್ಮವ್ವ ತೊಟ್ಲ ತೊಡಿಮ್ಯಾಲಿಟ್ಕೊಂಡು ಅತ್ಲು, ನಕ್ಲು. ಈ ಕೂಸುಗೋಳು ಇದ್ದಾಗ ದುಡಿಲಿಲ್ಲ. ಈಗ ಹೋದವ್ರನ್ನ ಕರ್ದು ಸುಣ್ಣ ಹೊರಸು ಅಂತೀ."

"ಇದ್ದವ್ರು ಸಾಯಾಕತ್ಯಾರಲ್ರೀ!"

"ಗುಂಡಿಗೆ ಇನ್ನೂ ಮಂದಿ ಹಾಕ್ತೀನಿ. ಕೆತ್ತಲಿ."

ನಾನು ಎದ್ದು ಬಂದೆ. ಬಾಗಿಲಿಗೆ ಒಂದು ಒದೆ ಕೊಟ್ಟದ್ದು ನಿಜ. ಆಮೇಲೆ ಸುರಂಗದ ಗೋಡೆಗೆ ಹಣೆಯೊತ್ತಿ ನಿಂತೆ. ಅವರ ಮಾತು ಸುಳ್ಳಾಗಿರಲಿಲ್ಲ.

ಕೆಟ್ಟ ಗಾಳಿ ಭಾರ, ತಗ್ಗಿನಲ್ಲಿ ಮೊದಲು ತುಂಬುತ್ತದೆ. ಕೊನೆಯ ಲೆವೆಲ್ಲನ್ನು ಖಾಲಿ ಮಾಡಿಸಿದೆವು. ಹಾಸಿಗೆ, ಪಾತ್ರೆ, ಕೋಳಿಗಳ ಬುಟ್ಟಿ ಹೊತ್ತು ಜನ ಮೇಲಿನ ಲೆವೆಲ್ಲುಗಳ ಓಣಿಗಳಲ್ಲಿ ಬಂದು ಕುಳಿತರು. ಎಲ್ಲರಿಗೂ ತಲೆನೋವು, ಎಲ್ಲರೂ ಸಿಡಿಮಿಡಿ. ಆ ಲೆವೆಲ್ಲಿನಲ್ಲಿ ಮೊಂಡು ಹಿಡಿದು ಉಳಿದ ಮುದುಕ ಮುದುಕಿ ಇಬ್ಬರು ನಿದ್ದೆಯಿಂದ ಏಳಲಿಲ್ಲ. ಅವರ ಮಕ್ಕಳು ಅಳುತ್ತ ಬಂದು, ನಾನು ಅಡ್ಡ ನಿಂತು ಕೂಗಾಡುತ್ತಿದ್ದಂತೆಯೇ, ಇನ್ನೂ ಎರಡು ತೊಟ್ಟಿಲು ಬಿಚ್ಚಿಕೊಂಡು ಹೋದರು. ಗಾಳಿ ಕೆಟ್ಟು ಸಾವು, ಸಾವಿಗೊಂದು ತೂತು, ತೂತಿನಿಂದ ಇನ್ನಷ್ಟು ಗಾಳಿ ಕೆಡುವುದು. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ತಿಳಿಯಲು ಎಂಜಿನಿಯರ್ ಆಗಬೇಕಿರಲಿಲ್ಲ.

*

ಮನೆಯಲ್ಲಿ ಮೌನೇಶ ಮೂಲೆಯ ಮುಂದೆ ಕುಳಿತಿದ್ದ. ಅವನು ಜೋಳದ ಲೆವೆಲ್ಲಿನಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ. ಮೂಲೆಯಲ್ಲಿ ಹಂಪಮ್ಮನ ತೊಟ್ಟಿಲಿತ್ತು. ಬೆಂಕಿ ಹಚ್ಚಬಾರದೆಂದು ನಾನೇ ಹುಕುಂ ಮಾಡಿದ್ದರಿಂದ ಅದರ ಮುಂದೆ ಎಣ್ಣೆಯ ದೀಪವಿರಲಿಲ್ಲ. ವಿಭೂತಿ ಬಳಿದು, ಒಳಗೆ ಅವಳ ಸ್ಲೇಟು, ಬಳೆ, ಬಟ್ಟೆಯ ಗೊಂಬೆ ಇಟ್ಟಿದ್ದ. ತೊಟ್ಟಿಲಿನ ಒಂದು ಬದಿ ಸ್ವಲ್ಪ ಒಳಗೆ ಹೋಗಿತ್ತು. ಹೆಸರಿಡುವ ದಿನ ಅವಳ ಸೋದರಮಾವ ಎತ್ತಿ ಕುಣಿಯಲು ಹೋಗಿ ಕೈಜಾರಿ ಬೀಳಿಸಿದ್ದ ಗುರುತು ಅದು. ಆ ದಿನ ಎಷ್ಟು ನಕ್ಕಿದ್ದೆವು.

ನಮ್ಮ ಎರಡನೆಯ ಕೂಸು ಮಲ್ಲು ನನ್ನ ತೊಡೆಯ ಮೇಲಿದ್ದ. ಎದೆಗೆ ಹಾಕಿಕೊಂಡರೆ ಎರಡು ಗುಟುಕು ಕುಡಿಯುವುದು, ಬಾಯಿ ಬಿಟ್ಟು ಏದುಸಿರು ಬಿಡುವುದು, ಮತ್ತೆ ಹುಡುಕುವುದು. ಹಸಿವಿದೆ, ಹಾಲಿದೆ, ಆದರೆ ಕುಡಿಯಲು ಉಸಿರು ಸಾಲುತ್ತಿಲ್ಲ. ಪಕ್ಕೆಗಳು ಚರ್ಮದೊಳಗೆ ಎದ್ದು ಕಾಣುತ್ತಿದ್ದವು.

"ಆ ತೊಟ್ಲ ಕೊಡ್ರಿ," ಎಂದೆ.

ಅವನು ತಿರುಗಲಿಲ್ಲ.

"ಕೇಳಾಕತ್ತೈತೇನು? ನಾ ಊರಿಗೆಲ್ಲ ಹೇಳ್ಕೊಂತ ತಿರುಗಾಡಿ, ನನ್ನ ಮನ್ಯಾಗಿಂದ ಮುಚ್ಚಿಟ್ಕೊಂಡು ಕುಂತ್ರ ಯಾರು ಕೊಡ್ತಾರ?"

"ನೀ ಎಂಜಿನಿಯರ್ ಆಗಿ ಮಾತಾಡಾಕತ್ತಿ," ಎಂದ ಮೌನೇಶ. "ಹಡದಾಕಿ ಆಗಿ ಒಂದ್ ಮಾತು ಆಡು."

"ಹಡದಾಕಿ ಆಗೇ ಆಡಾಕತ್ತೀನಿ! ಒಂದು ಹೋಗೇತಿ. ಇದನ್ನಾರ ಉಳಿಸ್ಕೋಬೇಕು. ನೋಡ್ರಿ ಇವನ್ನ. ತಿರುಗಿ ನೋಡ್ರಿ ಒಮ್ಮೆ!"

ತಿರುಗಿದ. ಕೂಸನ್ನು ನೋಡಿದ. ಅದರ ಪಕ್ಕೆಯ ಮೇಲೆ ಕೈಯಿಟ್ಟ.

"ಪಾಳಿಗೆ ಎರಡು ಸಲ ಬರ್ತೀನಿ ನಾ ಆ ಗೇಟಿಗೆ," ಎಂದ ಕೊನೆಗೆ. "ನೀ ನೋಡಿಲ್ಲ, ಹಿಂದ ನಿಂದಿರ್ತೀನಿ. ಹುಸೇನಪ್ಪ ಆಕಿ ಹೆಸರು ಕರೀತಾನ. ಬ್ಯಾರೆ ಎಲ್ಲಿ ಕರೀತಾರ ಈಗ? ಮನ್ಯಾಗ ಕರ್ಯಾಕ ನಮಗ ಬಾಯಿ ಬರೂದಿಲ್ಲ. ಅಲ್ಲಿ ತೊಟ್ಲ ಬಿತ್ತಂದ್ರ ಜಾಗ ತುಂಬ್ತು. ಗೇಟ್ ಮುಚ್ಚೂದಿಲ್ಲ, ಹೆಸರಿಲ್ಲ. ಅದನ್ನೂ ಕಸ್ಕೊಂತೀಯೇನು?"

ಅವನು ಹಿಂದೆ ನಿಂತಿರುತ್ತಿದ್ದದ್ದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಅಲ್ಲಿಗೆ ಹೋಗುತ್ತಿದ್ದದ್ದು ಮೋಟಾರು ನೋಡಲಲ್ಲ ಎಂದು ಅವನಿಗೂ ಹೇಳಿರಲಿಲ್ಲ. ಮಲ್ಲು ಮತ್ತೆ ಬಾಯಿ ಹಾಕಿದ, ಮತ್ತೆ ಬಿಟ್ಟ. ನಾವಿಬ್ಬರೂ ಅವನ ಉಸಿರನ್ನೇ ಕೇಳುತ್ತ ಕುಳಿತೆವು.

ಮರುದಿನ ಪಂಚಾಯ್ತಿಯ ಮುಂದೆ ಜನರನ್ನು ಸೇರಿಸಿ ಹೇಳಿ ನೋಡಿದೆ. ಕರಿಹಲಗೆಯ ಮೇಲೆ ಚಿತ್ರ ಬರೆದೆ. ಕುಲುಮೆ, ಶಾಫ್ಟು, ಗುಂಡಿ, ಚಕ್ರ. ಚಿತ್ರ ಚೆನ್ನಾಗಿಯೇ ಬಂದಿತ್ತು. ಕೇಳಿದವರೆಲ್ಲ ಹೌದೌದು ಎಂದು ತಲೆಯಾಡಿಸಿ ಎದ್ದು ಹೋದರು. ಮೆಹಬೂಬನ ತಾಯಿ ಖಾಜಾಬಿ ಮಾತ್ರ ನನ್ನ ಹತ್ತಿರ ಬಂದಳು. ಇಬ್ಬರೂ ಬಸುರಿಯರಾಗಿದ್ದಾಗ ಒಂದೇ ನಲ್ಲಿಯ ನೀರಿಗೆ ಜಗಳ ಕಾದವರು ನಾವು.

"ನಿಂದು ಎಲ್ಲೈತಿ?" ಎಂದು ಕೇಳಿದಳು.

"ಮನ್ಯಾಗ."

"ಹ್ಞೂಂ," ಎಂದಳು. ಅಷ್ಟೇ ಅಂದು ಸೆರಗು ಹೊದ್ದುಕೊಂಡು ಹೋದಳು. ಮುಖಕ್ಕೆ ಉಗುಳಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

*

ಕರೆಂಟಿನ ಮುಳ್ಳು ಕೆಂಪು ಗೆರೆ ದಾಟಿದಾಗ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಚಕ್ರ ಒಂದು ಸಲ ಕಿರುಗುಟ್ಟಿ, ತಡವರಿಸಿ, ಮತ್ತೆ ಹೊರಟಿತು. ಆ ತಡವರಿಸಿದ ಗಳಿಗೆಯಲ್ಲಿ ಇಡೀ ಗಣಿ ಸದ್ದಿಲ್ಲದಾಯಿತು. ಹುಟ್ಟಿದಾಗಿನಿಂದ ಆ ಸರಪಳಿಯ ಸದ್ದಿಲ್ಲದೆ ಒಂದು ಕ್ಷಣವೂ ಬದುಕಿದವರಲ್ಲ ನಾವು. ಓಣಿಗಳಲ್ಲಿ ಕುಳಿತವರೆಲ್ಲ ಎದ್ದು ನಿಂತದ್ದು ಕಾಣಿಸಿತು.

ನಾನು ಮನೆಗೆ ಓಡಿದೆ. ಮಲ್ಲು ಅಪ್ಪನ ಎದೆಯ ಮೇಲೆ ಮಲಗಿದ್ದ, ತುಟಿ ನೀಲಿಗಟ್ಟಿತ್ತು. ನಾನು ಮೂಲೆಗೆ ಹೋಗಿ ತೊಟ್ಟಿಲಿನೊಳಗಿದ್ದ ಸ್ಲೇಟು, ಬಳೆ, ಗೊಂಬೆಗಳನ್ನು ನೆಲದ ಮೇಲಿಟ್ಟೆ. ಸೆರಗಿನಿಂದ ವಿಭೂತಿ ಒರೆಸಿದೆ. ಮೌನೇಶ ಗೋಡೆಯ ಕಡೆ ಮುಖ ಮಾಡಿದ. ತಡೆಯಲಿಲ್ಲ, ಹೋಗು ಎನ್ನಲೂ ಇಲ್ಲ.

ತೊಟ್ಟಿಲನ್ನು ಸೊಂಟಕ್ಕೆ ಇಟ್ಟುಕೊಂಡು ಓಣಿಯಲ್ಲಿ ನಡೆದೆ. ಹೆಸರಿಡುವ ದಿನ ಹೀಗೇ ನಡೆದಿದ್ದೆ, ಹ್ಞಾಂ, ಹೀಗೇ ಸೊಂಟಕ್ಕಿಟ್ಟುಕೊಂಡು. ಆಗ ಹಿಂದೆ ಹಾಡು ಹೇಳುವವರಿದ್ದರು. ಈಗ ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು.

ಮಕ್ಕಳ ಸಾಲು ಬರುವ ಹೊತ್ತಾಗಿತ್ತು. ಹುಸೇನಪ್ಪ ತಾತ ನನ್ನನ್ನು ನೋಡಿದ, ನನ್ನ ಸೊಂಟ ನೋಡಿದ. ಗೇಟಿನ ಕಡೆ ತಿರುಗಿ ಸಾಲಿನ ಮೊದಲ ಹೆಸರು, ಚೆನ್ನಮ್ಮನದು, ಕರೆದ. ತೊಟ್ಟಿಲು ಸಿಕ್ಕಿಸುವ ಜಾಗ ಗೇಟಿಗಿಂತ ಸ್ವಲ್ಪ ಮೊದಲಿದೆ. ಸರಪಳಿಯ ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತ ತೊಟ್ಟಿಲಿನ ಎರಡೂ ಬದಿಯ ಕಿವಿಗಳನ್ನು ಗೂಟಕ್ಕೆ ಸಿಕ್ಕಿಸಿ ಕೈ ಬಿಡಬೇಕು. ಈ ಊರಿನ ಪ್ರತಿ ತಾಯಿಗೂ ಬರುವ ಕೆಲಸ ಅದು.

"ದುರುಗಪ್ಪನ ಮಗಳು ಸಾವಿತ್ರಿ," ಎಂದ ತಾತ. ಗೇಟು ಮುಚ್ಚಿದ. "ಲಾಲಸಾಬನ ಮಗ ಮೆಹಬೂಬ."

ನಮ್ಮ ಜಾಗ ಬಂತು. ಸಿಕ್ಕಿಸಿದೆ. ಎಡದ ಕಿವಿ ಕೂತಿತು, ಬಲದ್ದೂ ಕೂತಿತು, ಅದರ ತುಟಿ ಕೂರಲು ಮುಂದೆ ಯಾವ ತೊಟ್ಟಿಲೂ ಇಲ್ಲದೆ ಒಂಟಿಯಾಗಿ ತೂಗಿತು. ಇನ್ನು ಕೈ ಬಿಡಬೇಕು.

ಬಿಡಲಾಗಲಿಲ್ಲ.

ಊರಿಗೆಲ್ಲ ಕರಿಹಲಗೆಯ ಮೇಲೆ ಬರೆದು ತಿಳಿಸಿದವಳು ನಾನು. ಗೌಡರ ಬಾಗಿಲಿಗೆ ಒದ್ದವಳು. ಈಗ ಆ ಕಬ್ಬಿಣದ ಅಂಚನ್ನು ಹಿಡಿದುಕೊಂಡು ಸರಪಳಿಯ ಜೊತೆ ನಡೆಯುತ್ತಲೇ ಇದ್ದೆ. ಇದು ಬಕೆಟ್ಟು, ಇದು ತಗಡು ಎಂದು ಮನಸ್ಸು ಹೇಳುತ್ತಿತ್ತು. ಕೈ ಕೇಳುತ್ತಿರಲಿಲ್ಲ. ನನ್ನ ಕೂಸನ್ನು ನಾನೇ ಕೆಲಸಕ್ಕೆ ಕಳಿಸುತ್ತಿದ್ದೇನೆ, ಅದೂ ಒಬ್ಬಳನ್ನೇ, ಆ ಕುಲುಮೆಗೆ.

"ಬಿಡವ್ವಾ!" ಎಂದು ತಾತ ಕೂಗಿದ. "ಮುಂದ ಏರು ಐತಿ, ಕೈ ಹೋಗ್ತದ, ಬಿಡು!"

ಆಗ ಹಿಂದಿನಿಂದ ಎರಡು ಕೈಗಳು ಬಂದು ನನ್ನ ಕೈಗಳ ಮೇಲೆ ಕೂತವು. ಉಗುರು ಸಂದಿಯಲ್ಲಿ ಜೋಳದ ಹಸಿರಿದ್ದ ಕೈಗಳು. ಬೆನ್ನಿಗೆ ಸೀರೆಯ ತುಂಡಿನಲ್ಲಿ ಮಲ್ಲುವನ್ನು ಕಟ್ಟಿಕೊಂಡು ಬಂದಿದ್ದ.

"ಬಿಡು, ಅಮರವ್ವ," ಎಂದ ಮೌನೇಶ. ಅವನೂ ಅಳುತ್ತಿದ್ದ. "ಇಬ್ರೂ ಕೂಡಿ ಬಿಡೂನು. ಬಿಡು."

ಒಂದೊಂದೇ ಬೆರಳು ಬಿಡಿಸಿದ. ತೊಟ್ಟಿಲು ತೂಗಾಡುತ್ತ ಗೇಟಿನ ಮುಂದೆ ಹೋಯಿತು. ತಾತನ ಕೈ ಹಿಡಿಯ ಮೇಲೆ ಒಂದು ಕ್ಷಣ ನಿಂತಿತು. ಜಾಗ ತುಂಬಿದ ಮೇಲೆ ಹೆಸರು ಕರೆಯುವ ಪದ್ಧತಿಯಿಲ್ಲ. ಆದರೂ ಆ ಒಂದು ಸಲ ಅವನು ಕರೆದ.

"ಅಮರಮ್ಮನ ಮಗಳು ಹಂಪಮ್ಮ," ಎಂದು ಗೇಟು ತೆರೆದ. ಬೂದು ಬಣ್ಣದ ಹರಳು ಸರ್ರನೆ ಅವಳ ತೊಟ್ಟಿಲು ತುಂಬಿತು. ಅದು ಭಾರವಾಗಿ, ನೆಟ್ಟಗೆ ನಿಂತು, ಕತ್ತಲೆಯೊಳಕ್ಕೆ ಏರಿಹೋಯಿತು.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಎಷ್ಟು ಹೊತ್ತು ಅಲ್ಲಿದ್ದೆನೋ. ತಲೆಯೆತ್ತಿದಾಗ ಸುರಂಗದ ಬಾಯಲ್ಲಿ ಖಾಜಾಬಿ ನಿಂತಿದ್ದಳು. ಸೊಂಟದ ಮೇಲೆ, ಹಸಿರು ಶಾಲಿನಲ್ಲಿ ಸುತ್ತಿದ್ದು ಏನೆಂದು ಕೇಳಬೇಕಾಗಿರಲಿಲ್ಲ.

"ಅಂವಾ ಒಬ್ನೇ ಎಲ್ಲೂ ಹೋಗ್ತಿರ್ಲಿಲ್ಲ," ಎಂದಳು. "ನಿನ್ನ ಮಗಳಿದ್ರ ಹೋಗ್ತಿದ್ದ. ಸಾಲು ಮತ್ತ ಯಾವಾಗ ಬರ್ತದ?"

ಅವಳ ಹಿಂದೆ, ಕತ್ತಲಲ್ಲಿ, ಇನ್ನೂ ಇಬ್ಬರು ಹೆಂಗಸರು ಬರುತ್ತಿದ್ದರು.

*

ಎಲ್ಲರೂ ಕೊಡಲಿಲ್ಲ. ಕೆಲವರು ನಮ್ಮ ಮನೆಯ ಮುಂದೆ ಬಂದು ಮಣ್ಣು ತೂರಿ ಶಾಪ ಹಾಕಿ ಹೋದರು. ಅವರಲ್ಲಿ ಒಂದಿಬ್ಬರು ಆಮೇಲೆ ತೊಟ್ಟಿಲು ತಂದು ಯಾರ ಮುಖವನ್ನೂ ನೋಡದೆ ಸಿಕ್ಕಿಸಿ ಹೋದರು. ಕೊನೆಯ ಲೆವೆಲ್ಲು ಇನ್ನೂ ಮುಚ್ಚಿಯೇ ಇದೆ. ಗುಂಡಿಯಲ್ಲಿ ಕೆಮ್ಮುತ್ತಿದ್ದವರಲ್ಲಿ ಇಬ್ಬರು ಉಳಿಯಲಿಲ್ಲ. ಅವರ ತೊಟ್ಟಿಲುಗಳನ್ನು ಬಿಚ್ಚಲು ಬಂದ ಮನೆಯವರು ಸರಪಳಿಯ ಮುಂದೆ ಬಹಳ ಹೊತ್ತು ನಿಂತು, ಬಿಚ್ಚದೆ ವಾಪಸ್ಸಾದರು. ನನಗೆ ಅದನ್ನು ನೋಡಿ ಸಂತೋಷವಾಗಲಿಲ್ಲ. ಆಗಬೇಕಿತ್ತೇನೋ.

ಉಳಿದವರು ಕೆತ್ತಿ ಕೆತ್ತಿ ಚಕ್ರವನ್ನು ಬಿಡಿಸಿದರು. ಮೇಲಿನಿಂದ ಧೂಳು ಇಳಿಯುವುದು ಬಹುಮಟ್ಟಿಗೆ ನಿಂತಿತು. ಕರೆಂಟಿನ ಮುಳ್ಳು ತನ್ನ ಜಾಗಕ್ಕೆ ಬಂತು, ಕೆಟ್ಟ ಗಾಳಿಯದು ಸ್ವಲ್ಪ ಸ್ವಲ್ಪವಾಗಿ ಹಿಂದೆಯೇ ಇಳಿಯಿತು. ಒಂದು ದಿನ ಮಲ್ಲು ಹೊಟ್ಟೆ ತುಂಬ ಹಾಲು ಕುಡಿದು, ಕಕ್ಕಿ, ಮತ್ತೆ ಕುಡಿದ. ಮೌನೇಶ ಅದನ್ನು ನೋಡಿ ನಕ್ಕು, ನಕ್ಕದ್ದಕ್ಕೆ ಮೂಲೆಯ ಕಡೆ ನೋಡಿ ಸುಮ್ಮನಾದ. ಅಲ್ಲಿ ಗೊಂಬೆ, ಬಳೆ, ಸ್ಲೇಟು ನೆಲದ ಮೇಲೇ ಇದ್ದವು.

ಆ ದಿನ ಇಬ್ಬರೂ ಗೇಟಿಗೆ ಹೋದೆವು. ಈ ಸಲ ಅವನು ಹಿಂದೆ ನಿಲ್ಲದೆ ನನ್ನ ಪಕ್ಕದಲ್ಲಿ ನಿಂತ. ಮಕ್ಕಳ ಸಾಲು ಬರುವ ಹೊತ್ತಿಗೆ ಖಾಜಾಬಿ ಬಂದಳು. ದುರುಗಪ್ಪ ಬಂದ, ಯಂಕೋಬನ ಮನೆಯವರು ಬಂದರು. ಯಾಕೆ ಬಂದೆವೆಂದು ಯಾರೂ ಯಾರನ್ನೂ ಕೇಳಲಿಲ್ಲ. ಶರಣಪ್ಪಗೌಡರೂ ಕೋಲೂರಿಕೊಂಡು ಬಂದು ಒಂದು ಕಡೆ ನಿಂತರು. ಅವರು ಮೊಮ್ಮಗಳ ತೊಟ್ಟಿಲನ್ನು ಕೊಟ್ಟಿರಲಿಲ್ಲ. ಕೇಳಲು ನನಗೂ ಬಾಯಿ ಬಂದಿರಲಿಲ್ಲ. ಅಲ್ಲೊಂದು ಇಲ್ಲೊಂದು ತೂತಿನಿಂದ ಚಕ್ರವೇನೂ ನಿಲ್ಲುವುದಿಲ್ಲ.

ಸಾಲು ಬಂತು. ಮೊದಲಿಗೇ ಆ ಖಾಲಿ ಜಾಗ. ತಾತ ಗೇಟು ಮುಚ್ಚಿದ.

"ಬಸವರಾಜಗೌಡನ ಮಗಳು ಚೆನ್ನಮ್ಮ," ಎಂದ.

ಗೌಡರು ತಲೆ ಬಾಗಿಸಿದರು. ಅಲ್ಲಿದ್ದ ನಾವೆಲ್ಲರೂ ಅವರನ್ನೇ ನೋಡಿದೆವು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ, ಆ ಮುದುಕರ ಮೇಲೆ ನನಗೆ ಹೊಟ್ಟೆ ಉರಿದುಹೋಯಿತು.

ತಾತ ಗೇಟು ತೆರೆದ. ಹಿಂದೆ ತೊಟ್ಟಿಲುಗಳು ಬಂದವು, ಒಂದರ ತುಟಿ ಇನ್ನೊಂದರ ಅಂಚಿನ ಮೇಲೆ, ಸಂದಿಲ್ಲದೆ. ಹರಳಿನ ಧಾರೆ ಬಿಡದೆ ಸುರಿಯುತ್ತಿತ್ತು. ತಾತನ ಕೈ ಹಿಡಿಯ ಮೇಲೆ ಸುಮ್ಮನೆ ಕೂತಿತ್ತು. ಅವನ ತುಟಿ ಅಲುಗಾಡುತ್ತಿತ್ತೋ ಏನೋ, ಸುಣ್ಣ ಸುರಿಯುವ ಸದ್ದಿನಲ್ಲಿ ನಮಗೆ ಏನೂ ಕೇಳಿಸಲಿಲ್ಲ. ಒಂದು ಬದಿ ಒಳಗೆ ಹೋಗಿದ್ದ ತೊಟ್ಟಿಲು ಮುಂದೆ ಬಂತು, ತುಂಬಿತು, ಹೋಯಿತು.

ಮೌನೇಶ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಕಿವಿಗೊಟ್ಟು ಕಾಯುತ್ತಿದ್ದ.

"ಹೋದ್ಲೇನು?" ಎಂದು ಕೇಳಿದ.

"ಹೋದ್ಲು," ಎಂದೆ.

ನಾನು ಬಗ್ಗಿ ಗೇಟಿನ ಕೆಳಗೆ ನೋಡಿದೆ. ಒಂದು ಹರಳೂ ಬಿದ್ದಿರಲಿಲ್ಲ.